ಮದುವೆ ಡಿವಿಡಿ ಓಡದ ಲ್ಯಾಪ್‌ಟಾಪ್‌ಗೆ ಹೊಸ ಡ್ರೈವ್ ಬೇಕಾ?

ಪ್ರಶ್ನೆ: ನಾನು ಮಂಡ್ಯದವನು, ನಿವೃತ್ತ ಶಿಕ್ಷಕ. ಮನೆಯಲ್ಲಿ 2010ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಹಾಡಿನ ಸಿಡಿ ಹಾಕಿದರೆ ಈಗಲೂ ಚೆನ್ನಾಗಿ ಕೇಳಿಸುತ್ತದೆ. ಮಗಳ ಮದುವೆಯ ಡಿವಿಡಿ ಹಾಕಿದರೆ ಮಾತ್ರ ಗರಗರ ತಿರುಗುತ್ತದೆ, ಪ್ಲೇ ಆಗುವುದಿಲ್ಲ. ಮದುವೆ ಆಗಿದ್ದು 2008ರಲ್ಲಿ, ಮೂರು ಡಿವಿಡಿ ಇವೆ. ಮೊದಲು ಇದೇ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದೇವೆ. ಆಮೇಲೆ ಮೊಮ್ಮಗ ವಿಂಡೋಸ್ 10 ಹಾಕಿಕೊಟ್ಟ. ಈಗ ಅವನು ಬ್ಲೂ-ರೇ ಡ್ರೈವ್ ಹಾಕಿಸಿ ಎನ್ನುತ್ತಾನೆ. ಅಂಗಡಿಯವರು ಡ್ರೈವ್ ಕಿತ್ತು ಆ ಜಾಗಕ್ಕೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಕೆಲಸವನ್ನೇ ಬೇಗ ಮಾಡುವ ಸಾಧನ) ಹಾಕಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ? ಗೃಹಪ್ರವೇಶದ ಒಂದು ವಿಸಿಡಿಯೂ (ವಿಡಿಯೋ ತುಂಬಿದ ಸಿಡಿ) ಇದೆ, 2002ರದ್ದು.

ಉತ್ತರ: ಮೇಷ್ಟ್ರೇ, ನೀವು 'ಪ್ಲೇ ಆಗುವುದಿಲ್ಲ' ಎಂದು ಬರೆದಿದ್ದೀರಿ, 'ಓದುವುದಿಲ್ಲ' ಎಂದು ಬರೆದಿಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ವಿಂಡೋಸ್ 7ರ ಹೆಚ್ಚಿನ ಆವೃತ್ತಿಗಳಲ್ಲಿ ಡಿವಿಡಿ ಸಿನಿಮಾ ತೋರಿಸುವ ಸಾಫ್ಟ್‌ವೇರ್ ಜೊತೆಯಲ್ಲೇ ಬರುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್ ಅದನ್ನು ತೆಗೆದುಹಾಕಿತು. ಆ ವಿಡಿಯೋ ಬಿಡಿಸುವ ತಂತ್ರಕ್ಕೆ ಲೈಸೆನ್ಸ್ ದುಡ್ಡು ಕೊಡಬೇಕು, ಡಿವಿಡಿ ನೋಡುವವರು ಕಡಿಮೆಯಾಗಿದ್ದಾರೆ ಎಂಬ ಲೆಕ್ಕ. ವಿಂಡೋಸ್ 10ರಲ್ಲೂ ಅದು ಇಲ್ಲ. ಹಾಡಿನ ಸಿಡಿಗೆ ಆ ಲೈಸೆನ್ಸ್‌ನ ಹಂಗಿಲ್ಲ, ಅದು ಹಾಡುತ್ತಲೇ ಇರುತ್ತದೆ. ನಿಮ್ಮ ಮನೆಯಲ್ಲಿ ಆಗಿರುವುದೂ ಇದೇ ಇರಬಹುದು. ಮೊಮ್ಮಗನೇ ಮದುವೆ ಡಿವಿಡಿಗೆ ಅಡ್ಡ ಬಂದಂತಾಯಿತು! ಹುಡುಗನನ್ನು ಬೈಯಬೇಡಿ, ಪಾಪ, ಅವನಿಗೆ ಗೊತ್ತಿರಲು ಸಾಧ್ಯವಿಲ್ಲ.

ಪರೀಕ್ಷೆ ಸುಲಭ. ಡಿವಿಡಿ ಹಾಕಿ, ಒಂದು ನಿಮಿಷ ಸುಮ್ನೆ ಬಿಡಿ. 'ದಿಸ್ ಪಿಸಿ' ತೆರೆದು ಡ್ರೈವ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್' ಒತ್ತಿ. ಒಳಗೆ 'ವಿಡಿಯೋ ಟಿಎಸ್' ಎಂಬ ಫೋಲ್ಡರ್, ಅದರೊಳಗೆ ವಿಒಬಿ ಎಂದು ಕೊನೆಯಾಗುವ ದೊಡ್ಡ ದೊಡ್ಡ ಫೈಲ್‌ಗಳು ಕಂಡರೆ ನಿಮ್ಮ ಡ್ರೈವ್ ಡಿವಿಡಿ ಓದುತ್ತಿದೆ ಎಂದರ್ಥ. ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ, ಉಚಿತ. ಮದುವೆ ಓಡುತ್ತದೆ. ಆಗ ಮುಂದಿನ ಅರ್ಧ ಪುಟ ಬಿಟ್ಟು ನೇರ ಕಾಪಿ ಮಾಡುವ ಮಾತಿಗೆ ಹೋಗಿ.

'ಡಿಸ್ಕ್ ಹಾಕಿ' ಎಂದು ಲ್ಯಾಪ್‌ಟಾಪ್ ನಿಮ್ಮನ್ನೇ ಕೇಳಿದರೆ, ಅಥವಾ ಹತ್ತು ನಿಮಿಷ ತಿರುಗಿ ಸುಮ್ಮನಾದರೆ, ಆಗ ತೊಂದರೆ ಡ್ರೈವ್‌ನದ್ದೋ ಡಿಸ್ಕ್‌ನದ್ದೋ ಆಗಿರುತ್ತದೆ.

ಸಿಡಿ ಓದುವ ಡ್ರೈವ್ ಡಿವಿಡಿ ಏಕೆ ಓದುವುದಿಲ್ಲ? ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ಒಂದೇ ತಟ್ಟೆಯಾದರೂ ಒಳಗೆ ಎರಡು ಲೇಸರ್ ಇವೆ. ಸಿಡಿಗೆ 780 ನ್ಯಾನೋಮೀಟರ್ ತರಂಗಾಂತರದ ಬೆಳಕು, ಕಣ್ಣಿಗೆ ಕಾಣದ್ದು. ಡಿವಿಡಿಗೆ 650 ನ್ಯಾನೋಮೀಟರ್‌ನ ಕೆಂಪು ಬೆಳಕು. ಒಂದು ಸೊರಗಿದರೂ ಇನ್ನೊಂದು ಕೆಲಸ ಮಾಡುತ್ತಿರಬಹುದು. ಜೊತೆಗೆ ಡಿವಿಡಿಯ ಅಕ್ಷರ ಸಣ್ಣದು. ಸಿಡಿಯಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ 1.6 ಮೈಕ್ರಾನ್ ದೂರ, ಡಿವಿಡಿಯಲ್ಲಿ 0.74 ಮಾತ್ರ. ಕನ್ನಡಕಕ್ಕೆ ಧೂಳು ಕೂತಾಗ ಬೋರ್ಡಿನ ಮೇಲಿನ ದಪ್ಪ ಅಕ್ಷರ ಓದಬಹುದು, ಪಂಚಾಂಗದ ಸಣ್ಣಕ್ಷರ ಆಗುವುದಿಲ್ಲ ಅಲ್ವಾ? ಹಾಗೆಯೇ ಲೆನ್ಸ್ ಮಂಕಾದಾಗ ಮೊದಲು ಕೈ ಕೊಡುವುದು ಸಾಮಾನ್ಯವಾಗಿ ಡಿವಿಡಿಯೇ.

ಧೂಳಿನ ಮಾತು ಸುಮ್ನೆ ಹೇಳಿದ್ದಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರಿನ ಡ್ರೈವ್‌ನಲ್ಲಿ ಲೆನ್ಸ್ ಒಳಗೇ ಉಳಿದು ಬರೀ ತಟ್ಟೆ ಹೊರಗೆ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಲೆನ್ಸ್ ಇರುವುದೇ ತಟ್ಟೆಯ ಮೇಲೆ. ತೆರೆದಾಗಲೆಲ್ಲ ಅದು ಹೊರಗೆ ಬಂದು ನಮ್ಮ ಮುಖ ನೋಡುತ್ತದೆ. ಕಬ್ಬಿನ ಲಾರಿ ಓಡಾಡುವ ರಸ್ತೆ ಪಕ್ಕದ ಮನೆಯಲ್ಲಿ ಹದಿನೈದು ವರ್ಷ ಹೀಗೆ ಮುಖ ನೋಡಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ಆದ್ದರಿಂದ ಬದಲಿಸುವ ಮೊದಲು ಒರೆಸಿ ನೋಡಿ. ಲ್ಯಾಪ್‌ಟಾಪ್ ಆನ್ ಇರುವಾಗ ತಟ್ಟೆ ತೆರೆಯಿರಿ, ಆಮೇಲೆ ಆಫ್ ಮಾಡಿ. ಲೆನ್ಸ್ ಕಡಲೆಕಾಳಿಗಿಂತ ಚಿಕ್ಕದು, ನೀಲಿ ಹೊಳಪು ಇರುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಸೋಕಿಸಿ. ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಜರ್ ಬೇಡ, ಅದರಲ್ಲಿ ಅಂಟು ಇರುತ್ತದೆ. ಒತ್ತದೆ, ಹೂವಿನ ಎಸಳು ಒರೆಸಿದಂತೆ ಒಂದು ಸುತ್ತು ಒರೆಸಿ, ಒಣ ಕಡ್ಡಿಯಿಂದ ಮತ್ತೊಂದು ಸುತ್ತು. ಆ ಲೆನ್ಸ್ ಕೂದಲೆಳೆಯಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ, ಒತ್ತಿದರೆ ಕತೆ ಮುಗಿಯಿತು. ಬಾಯಿಂದ ಊದಬೇಡಿ. ಕೆಲಸ ಕಲಿಯುವಾಗ ನಾನು ಉಫ್ ಎಂದು ಊದಿ, ಹೋದ ಧೂಳಿಗಿಂತ ಬಿದ್ದ ಎಂಜಲೇ ಜಾಸ್ತಿಯಾಗಿ ಬೈಸಿಕೊಂಡಿದ್ದೇನೆ. ಕುಂಚ ಅಂಟಿಸಿದ 'ಲೆನ್ಸ್ ಕ್ಲೀನರ್' ಡಿಸ್ಕ್ ಮಾರುತ್ತಾರಲ್ಲ, ಅದು ನನಗೆ ಇಷ್ಟವಿಲ್ಲ. ಓಡುವ ಕುಂಚ ಲೆನ್ಸ್‌ಗೆ ಎಲ್ಲಿ ಬಡಿಯುತ್ತದೆ ಎಂದು ನೋಡಲು ಆಗುವುದಿಲ್ಲ.

ಒರೆಸಿದ ಮೇಲೆ ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ಒಂದನ್ನು ಹಾಕಿ ವಿಎಲ್‌ಸಿಯಲ್ಲಿ ನೋಡಿ. ಕೊಂಡದ್ದು ಅಚ್ಚು ಹಾಕಿದ ಡಿಸ್ಕ್, ತಳ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಸ್ಟುಡಿಯೋದವರು ಕೊಟ್ಟದ್ದು ಬರ್ನ್ ಮಾಡಿದ್ದು, ತಳ ನಸು ನೇರಳೆ ಬಣ್ಣ. ಅದರಲ್ಲಿರುವುದು ಒಂದು ಬಗೆಯ ಬಣ್ಣದ ಪದರ. ಬಿಸಿಲು, ಸೆಕೆ, ಥಂಡಿಗೆ ಅದು ನಿಧಾನಕ್ಕೆ ಮಾಸುತ್ತದೆ. ಕೊಂಡದ್ದು ಓಡಿ ಮದುವೆಯದ್ದು ಓಡದಿದ್ದರೆ ಲೇಸರ್ ಸೊರಗಿರಬಹುದು ಅಥವಾ ಡಿಸ್ಕ್ ಮಾಸಿರಬಹುದು. ಆಗ ಮದುವೆ ಡಿಸ್ಕನ್ನು ನೆಂಟರ ಮನೆಯ ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ಓಡಿದರೆ ತಪ್ಪು ನಿಮ್ಮ ಡ್ರೈವ್‌ನದ್ದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕೊಂಡದ್ದು, ಮದುವೆಯದ್ದು ಎರಡೂ ಓಡದಿದ್ದರೆ ಡ್ರೈವ್ ಮುಗಿದಿದೆ ಎಂದೇ ಲೆಕ್ಕ.

ಮುಗಿದಿದೆ ಎಂದಿಟ್ಟುಕೊಳ್ಳಿ. ಈಗ ಮೊಮ್ಮಗನ ಮಾತಿಗೆ ಬರೋಣ. ಬ್ಲೂ-ರೇ ಬೇಡ. ಅದರ ಲೇಸರ್ 405 ನ್ಯಾನೋಮೀಟರ್‌ನ ನೀಲಿ-ನೇರಳೆ ಬೆಳಕು, ಒಂದು ಪದರದ ಡಿಸ್ಕ್‌ನಲ್ಲೇ 25 ಜಿಬಿ ಹಿಡಿಯುತ್ತದೆ. ಡಿವಿಡಿಯ ಒಂದು ಪದರಕ್ಕೆ 4.7. ಕೇಳಲು ಚೆನ್ನ. ಆದರೆ ನಿಮ್ಮ ಮನೆಯಲ್ಲಿ ಒಂದಾದರೂ ಬ್ಲೂ-ರೇ ಡಿಸ್ಕ್ ಇದೆಯಾ? ಡಿವಿಡಿ ಓದಲು ಅದೂ ಅದೇ 650ರ ಕೆಂಪು ಲೇಸರನ್ನೇ ಬಳಸುತ್ತದೆ. ನೀಲಿ ಬೆಳಕಿನಿಂದ ಮದುವೆ ಇನ್ನಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಸಾಲದ್ದಕ್ಕೆ ಬ್ಲೂ-ರೇ ಸಿನಿಮಾಗೆ ಬೀಗ ಹಾಕಿರುತ್ತಾರೆ, ನೋಡಲು ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ಕೊಳ್ಳಬೇಕು.

ಹಾಗಾದರೆ ಅದೇ ಜಾಗಕ್ಕೆ ಹೊಸ ಡಿವಿಡಿ ಡ್ರೈವ್? ಹಾಕಬಹುದು. ಕಷ್ಟದ ಕೆಲಸವಲ್ಲ, ಆದರೆ ಎರಡು ಅಳತೆ ತಪ್ಪಬಾರದು.

ಒಂದು, ದಪ್ಪ. ಲ್ಯಾಪ್‌ಟಾಪ್ ಡ್ರೈವ್‌ಗಳು ಹೆಚ್ಚಾಗಿ 12.7 ಮಿಲಿಮೀಟರ್ ಅಥವಾ 9.5 ಮಿಲಿಮೀಟರ್ ದಪ್ಪದಲ್ಲಿ ಬರುತ್ತವೆ. ನಿಮ್ಮದು ಸ್ವಲ್ಪ ದಪ್ಪನೆಯ ಹಳೇ ಮಾದರಿಯಾದರೆ ಬಹುಶಃ 12.7. ಮನೆಯ ಸ್ಕೇಲಿನಲ್ಲೇ ತಿಳಿಯುತ್ತದೆ. ತೆಳ್ಳನೆಯದನ್ನು ದಪ್ಪ ಜಾಗಕ್ಕೆ ಹಾಕಿದರೆ ಲೊಡಲೊಡ ಅನ್ನುತ್ತದೆ, ದಪ್ಪದ್ದು ತೆಳ್ಳನೆಯ ಜಾಗಕ್ಕೆ ಹೋಗುವುದೇ ಇಲ್ಲ.

ಎರಡು, ಹಿಂದಿನ ಕನೆಕ್ಟರ್. ಹಳೆಯದು ಐಡಿಇ, ಆಮೇಲೆ ಬಂದದ್ದು ಸಾಟಾ. 2010ರ ಲ್ಯಾಪ್‌ಟಾಪ್ ಎಂದರೆ ಸಾಟಾ ಇರುವ ಸಾಧ್ಯತೆಯೇ ಜಾಸ್ತಿ. ಆದರೂ ಡ್ರೈವ್ ಹೊರಗೆ ಎಳೆದು ನೋಡಿಯೇ ಕೊಳ್ಳಿ. ಸಾಟಾ ಆದರೆ ಎರಡು ಚಪ್ಪಟೆ ನಾಲಿಗೆ ಕಾಣುತ್ತವೆ, ಒಂದು ತುಸು ಉದ್ದ, ಒಂದು ಗಿಡ್ಡ. ಐಡಿಇ ಆದರೆ ಒಂದೇ ಉದ್ದನೆಯ ಪಟ್ಟಿ, 50 ಪಿನ್. ಒಂದು ಬಗೆಯ ಡ್ರೈವ್ ಇನ್ನೊಂದರ ಜಾಗಕ್ಕೆ ಕೂರುವುದಿಲ್ಲ. ಐಡಿಇಯಲ್ಲಿ ಇನ್ನೊಂದು ತಲೆನೋವೂ ಇದೆ. ಒಂದೇ ದಾರಿಯಲ್ಲಿ ಎರಡು ಡ್ರೈವ್ ಇದ್ದಾಗ ಯಾವುದು 'ಮಾಸ್ಟರ್' (ಮೊದಲನೆಯದು), ಯಾವುದು 'ಸ್ಲೇವ್' (ಎರಡನೆಯದು) ಎಂಬುದು ಡ್ರೈವ್‌ನೊಳಗಿನ ಫರ್ಮ್‌ವೇರ್‌ನಲ್ಲೇ, ಅಂದರೆ ಕಂಪನಿಯವರೇ ತುಂಬಿದ ಪ್ರೋಗ್ರಾಮಿನಲ್ಲೇ, ಬರೆದಿರಬಹುದು. ಅದು ಹೊಂದದಿದ್ದರೆ ಎಲ್ಲ ಸರಿಯಾಗಿ ಕೂತರೂ ಲ್ಯಾಪ್‌ಟಾಪ್ ಡ್ರೈವನ್ನು ಗುರುತಿಸದೆ ಹೋಗಬಹುದು. ಅಂಥ ಹಳೇದಕ್ಕೆ ನಾನಂತೂ ಕೈ ಹಾಕುವುದಿಲ್ಲ.

ಕಂಪನಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಲ್ಯಾಪ್‌ಟಾಪ್ ಮೇಲೆ ಯಾರ ಹೆಸರಿದ್ದರೂ ಒಳಗಿನ ಡ್ರೈವ್ ಮಾಡಿದವರು ಸಾಮಾನ್ಯವಾಗಿ ಬೇರೆಯವರು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ (ಒಳಗಿನ ಭಾಗಗಳ ಪಟ್ಟಿ) 'ಎಚ್‌ಎಲ್-ಡಿಟಿ-ಎಸ್‌ಟಿ' ಎಂಬ ಹೆಸರು ನೋಡಿ ವೈರಸ್ ಇರಬೇಕು ಎಂದು ಹೆದರಿದವರಿದ್ದಾರೆ. ಅದು ಹಿಟಾಚಿ ಮತ್ತು ಎಲ್‌ಜಿ ಸೇರಿ ಕಟ್ಟಿದ ಕಂಪನಿ. 'ಟಿಎಸ್‌ಎಸ್‌ಟಿ' ಎಂದಿದ್ದರೆ ತೋಷಿಬಾ ಮತ್ತು ಸ್ಯಾಮ್‌ಸಂಗ್ ಜೋಡಿ. 'ಮ್ಯಾಟ್‌ಶಿಟಾ' ಎಂದಿದ್ದರೆ ಪ್ಯಾನಾಸೋನಿಕ್. ದಪ್ಪ ಮತ್ತು ಕನೆಕ್ಟರ್ ಹೊಂದಿದರೆ ಒಬ್ಬರ ಜಾಗಕ್ಕೆ ಇನ್ನೊಬ್ಬರದ್ದು ನಡೆಯುತ್ತದೆ.

ಬಿಚ್ಚುವುದು ಹೀಗೆ. ಚಾರ್ಜರ್ ತೆಗೆಯಿರಿ, ಬ್ಯಾಟರಿ ತೆಗೆಯಿರಿ, ಲ್ಯಾಪ್‌ಟಾಪ್ ಮಗುಚಿ ಟವೆಲ್ ಮೇಲಿಡಿ. ಹಲವು ಮಾದರಿಗಳಲ್ಲಿ ಡ್ರೈವ್ ಹಿಡಿದಿರುವುದು ಒಂದೇ ಒಂದು ಸ್ಕ್ರೂ. ಪಕ್ಕದಲ್ಲಿ ಡಿಸ್ಕ್ ಚಿತ್ರ ಕೆತ್ತಿರುವುದೂ ಉಂಟು. ಕೆಲವದರಲ್ಲಿ ಅದು ರ‍್ಯಾಮ್ ಮುಚ್ಚಳದ ಒಳಗೋ ಕೀಬೋರ್ಡ್ ಕೆಳಗೋ ಅವಿತಿರುತ್ತದೆ. ಸ್ಕ್ರೂ ಬಿಚ್ಚಿದ ಮೇಲೆ ಡ್ರೈವ್ ಮೇಜಿನ ಡ್ರಾಯರ್ ಥರ ಜಾರಿ ಹೊರಗೆ ಬರುತ್ತದೆ. ಬರದಿದ್ದರೆ ಜೋರು ಮಾಡಬೇಡಿ, ಎಲ್ಲೋ ಇನ್ನೊಂದು ಸ್ಕ್ರೂ ಇದೆ. ಹಳೆಯದರ ಹಿಂಬದಿಯ ಸಣ್ಣ ತಗಡಿನ ಪಟ್ಟಿ ಮತ್ತು ಮುಂದಿನ ಪ್ಲಾಸ್ಟಿಕ್ ಮುಖ, ಎರಡನ್ನೂ ಬಿಚ್ಚಿ ಹೊಸದಕ್ಕೆ ಹಾಕಬೇಕು. ಹೊಸದರ ಜೊತೆ ಬರುವ ಮುಖ ನಿಮ್ಮ ಲ್ಯಾಪ್‌ಟಾಪ್‌ನ ಅಂಚಿಗೆ ಹೊಂದುವುದು ಅಪರೂಪ. ಮುಖ ತೆಗೆಯಲು ತಟ್ಟೆ ಸ್ವಲ್ಪ ತೆರೆದಿರಬೇಕು. ಮುಂದೆ ಸೂಜಿ ತೂರುವಷ್ಟು ತೂತಿದೆ. ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ಒಳಗೆ ತಳ್ಳಿದರೆ ಕರೆಂಟ್ ಇಲ್ಲದೆಯೂ ತೆರೆದುಕೊಳ್ಳುತ್ತದೆ. ಡಿಸ್ಕ್ ಒಳಗೆ ಸಿಕ್ಕಿಕೊಂಡಾಗಲೂ ಇದೇ ಉಪಾಯ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನು ಮಾಡುವುದಿಲ್ಲ. ಹೊರಗಿನಿಂದ ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಕೊಳ್ಳುತ್ತೇನೆ. ಹದಿನೈದು ವರ್ಷದ ಲ್ಯಾಪ್‌ಟಾಪ್ ನಾಳೆ ಮಲಗಿದರೆ ಒಳಗೆ ಹಾಕಿದ ಡ್ರೈವ್ ಅದರ ಜೊತೆಗೇ ಮೂಲೆ ಸೇರುತ್ತದೆ. ಹೊರಗಿನದು ಮುಂದಿನ ಕಂಪ್ಯೂಟರಿಗೂ ಬರುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇರುವುದೇ ಅಪರೂಪ ಅಲ್ವಾ. ಇನ್ನೊಂದು ಮಾತು. ಒಳಗೆ ಹಾಕುವ ಡ್ರೈವ್‌ಗಳಲ್ಲಿ ಹಳೇ ಲ್ಯಾಪ್‌ಟಾಪ್‌ಗಳಿಂದ ಕಿತ್ತದ್ದೂ ಮಾರಾಟಕ್ಕೆ ಬರುತ್ತವೆ. ಬೆಂಗಳೂರಿನ ಎಸ್‌ಪಿ ರಸ್ತೆಗೇ ಹೋಗಿ ಹುಡುಕಿದರೂ ಹೊಸದಾ ಕಿತ್ತದ್ದಾ ಎಂದು ಕೇಳಿಯೇ ಕೊಳ್ಳಬೇಕು. ಕಿತ್ತದ್ದರ ಲೇಸರ್‌ಗೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ 2.0 ಇರಬಹುದು, ನಿಧಾನವಾಗುತ್ತದಾ ಎಂಬ ಅಳುಕು ಬೇಡ. ಡಿವಿಡಿಯ ಒಂದು ಪಟ್ಟು ವೇಗ ಎಂದರೆ ಸೆಕೆಂಡಿಗೆ ಸುಮಾರು 1.4 ಎಂಬಿ. 8 ಪಟ್ಟು ವೇಗದಲ್ಲಿ ಓಡಿದರೂ ಸುಮಾರು 11 ಎಂಬಿ. ಯುಎಸ್‌ಬಿ 2.0 ಅದರ ಎರಡರಷ್ಟನ್ನು ಆರಾಮಾಗಿ ಎಳೆಯುತ್ತದೆ. ತೊಂದರೆ ಬರುವುದು ವೇಗದಲ್ಲಿ ಅಲ್ಲ, ಕರೆಂಟಿನಲ್ಲಿ. ಯುಎಸ್‌ಬಿ 2.0 ಕಿಂಡಿ ಲೆಕ್ಕದ ಪ್ರಕಾರ ಕೊಡುವುದು 500 ಮಿಲಿ ಆಂಪಿಯರ್. ಡಿಸ್ಕ್ ತಿರುಗಲು ಶುರುವಾದಾಗ ಡ್ರೈವ್ ಅದಕ್ಕಿಂತ ಹೆಚ್ಚು ಕೇಳಬಹುದು. ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತರೆ ಡ್ರೈವ್ ಕೆಟ್ಟಿದೆ ಎಂದು ವಾಪಸ್ ಕೊಡಲು ಓಡಬೇಡಿ. ನಡುವೆ ಹಬ್ (ಒಂದು ಕಿಂಡಿಯನ್ನು ಹಲವು ಮಾಡುವ ಡಬ್ಬಿ) ಇದ್ದರೆ ತೆಗೆದು ನೇರ ಲ್ಯಾಪ್‌ಟಾಪ್‌ಗೇ ಸಿಕ್ಕಿಸಿ, ಚಾರ್ಜರ್ ಹಾಕಿ. ಆಗಲೂ ನಿಂತರೆ ಎರಡು ಕಿಂಡಿಯಿಂದ ಕರೆಂಟ್ ತೆಗೆದುಕೊಳ್ಳುವ ಎರಡು ಬಾಲದ ಕೇಬಲ್ ಹಾಕಿ. ಉದ್ದನೆಯ ಎಕ್ಸ್‌ಟೆನ್ಶನ್ ಕೇಬಲ್ ಮಾತ್ರ ಬೇಡವೇ ಬೇಡ.

ಅಂಗಡಿಯವರು ಹೇಳಿದ ಎಸ್‌ಎಸ್‌ಡಿ ವಿಚಾರ. ಅವರು ಅರ್ಧ ಸರಿ ಹೇಳಿದ್ದಾರೆ. ಹಳೇ ಲ್ಯಾಪ್‌ಟಾಪ್‌ಗೆ ಮರುಜೀವ ಬರುವುದೇ ಎಸ್‌ಎಸ್‌ಡಿಯಿಂದ. ಆದರೆ ಅದು ಕೂರಬೇಕಾದ್ದು ಡಿವಿಡಿ ಜಾಗದಲ್ಲಲ್ಲ, ಹಾರ್ಡ್ ಡಿಸ್ಕ್ ಇರುವ ಜಾಗದಲ್ಲಿ. ಡಿವಿಡಿ ಜಾಗಕ್ಕೆ 'ಕ್ಯಾಡಿ' ಎಂಬ ಚೌಕಟ್ಟು ಸಿಗುತ್ತದೆ, ಅದೂ 9.5 ಮತ್ತು 12.7ರಲ್ಲಿ. ಅದರಲ್ಲಿ ಎಸ್‌ಎಸ್‌ಡಿ ಇಟ್ಟು ವಿಂಡೋಸ್ ಹಾಕಿದರೆ ಕೆಲವು ಲ್ಯಾಪ್‌ಟಾಪ್‌ಗಳು ಅಲ್ಲಿಂದ ಬೂಟ್ ಆಗಲು, ಅಂದರೆ ಶುರುವಾಗಲು, ಒಪ್ಪುವುದಿಲ್ಲ. ಕೆಲವದರಲ್ಲಿ ಆ ಕಿಂಡಿಯ ವೇಗವೂ ಕಡಿಮೆ. ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕ್ ಜಾಗಕ್ಕೆ ಹಾಕಿಸಿ. ಹಳೇ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಡಬ್ಬಿಯೊಂದಕ್ಕೆ ಹಾಕಿಸಿ ಬೀರುವಿನಲ್ಲಿಡಿ. ಹದಿನೈದು ವರ್ಷ ತಿರುಗಿದ ಹಾರ್ಡ್ ಡಿಸ್ಕನ್ನು ಕ್ಯಾಡಿಯಲ್ಲಿ ಮತ್ತೆ ದುಡಿಸುವುದು ನನಗೆ ಸರಿಕಾಣುವುದಿಲ್ಲ.

ಸತ್ತ ಡಿವಿಡಿ ಡ್ರೈವ್? ಅದು ಅಲ್ಲೇ ಇರಲಿ. ತೆಗೆದರೆ ಅಷ್ಟಗಲ ಬಾಯಿ ತೆರೆದುಕೊಳ್ಳುತ್ತದೆ. ಒಮ್ಮೆ ಹಾಗೆ ತೆರೆದಿಟ್ಟಿದ್ದ ಲ್ಯಾಪ್‌ಟಾಪ್ ಒಂದರೊಳಗೆ ಕೆಂಪಿರುವೆ ಸಂಸಾರ ಹೂಡಿದ್ದನ್ನು ನೋಡಿದ್ದೇನೆ. ಮೊಟ್ಟೆ ಸಮೇತ.

ಈಗ ಮುಖ್ಯ ಕೆಲಸ. ಡ್ರೈವ್ ಯಾವುದೇ ಆಗಲಿ, ಡಿಸ್ಕ್ ಓದಿದ ದಿನವೇ ಕಾಪಿ ಮಾಡಿ. 'ಇನ್ನೊಮ್ಮೆ ನೋಡಿಬಿಟ್ಟು ಆಮೇಲೆ' ಎನ್ನಬೇಡಿ. ನಿಮಗೆ ಬೇಕಾಗಿರುವುದು ಡ್ರೈವ್ ಅಲ್ಲ, ಮದುವೆ.

ಮೊದಲು ಡಿಸ್ಕ್ ತೊಳೆಯಿರಿ. ಹೌದು, ತೊಳೆಯಿರಿ. ತಣ್ಣೀರು, ಒಂದು ಹನಿ ಪಾತ್ರೆ ಸೋಪು, ಮೆತ್ತನೆ ಹತ್ತಿಬಟ್ಟೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ಒರೆಸಬೇಡಿ. ಸುತ್ತ ಬಿದ್ದ ಗೀರು ಒಂದೇ ಸಾಲನ್ನು ಉದ್ದಕ್ಕೂ ತಿಂದುಹಾಕುತ್ತದೆ, ಅಡ್ಡ ಗೀರಾದರೆ ಪ್ರತಿ ಸಾಲಿನಲ್ಲಿ ಒಂದು ಚೂರು ಹೋಗುತ್ತದೆ ಅಷ್ಟೆ, ಅದನ್ನು ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಟೂತ್‌ಪೇಸ್ಟ್ ಉಜ್ಜುವ ಉಪಾಯ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಡಿಸ್ಕ್ ಮೇಲೆ ವಧೂವರರ ಫೋಟೋ ಇರುವ ಕಾಗದ ಅಂಟಿಸಿದ್ದಾರಾ? ಆ ಕಾಲದಲ್ಲಿ ಸ್ಟುಡಿಯೋಗಳಲ್ಲಿ ಅದೊಂದು ಚಂದ. ಆ ಕಾಗದ ಥಂಡಿಗೆ ಉಬ್ಬುತ್ತದೆ, ಅಂಚಿನಲ್ಲಿ ಏಳುತ್ತದೆ, ತಿರುಗುವಾಗ ಡಿಸ್ಕ್ ಅಲುಗುತ್ತದೆ. ನಿಮ್ಮ ಗರಗರ ಸದ್ದಿಗೆ ಅದೂ ಕಾರಣವಿರಬಹುದು. ಕಾಗದವಿದ್ದರೆ ಆ ಡಿಸ್ಕನ್ನು ನೀರಿಗೆ ಹಿಡಿಯಬೇಡಿ, ತಳವನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ. ಆದರೂ ಕಾಗದ ಕೀಳಲು ಹೋಗಬೇಡಿ. ಎದ್ದ ಅಂಚನ್ನಷ್ಟೇ ಕತ್ತರಿಸಿ. ಡಿವಿಡಿಯಲ್ಲಿ ಮಾಹಿತಿ ಇರುವುದು ಎರಡು 0.6 ಮಿಲಿಮೀಟರ್ ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ, ಸ್ವಲ್ಪ ಕ್ಷೇಮ. ಸಿಡಿಯಲ್ಲಾದರೆ ಅದು ಲೇಬಲ್‌ನ ಕೆಳಗೇ ಇದೆ. ಕಾಗದದ ಜೊತೆ ಗೃಹಪ್ರವೇಶವೂ ಕಿತ್ತು ಬರುತ್ತದೆ.

ಕಾಪಿ ಮಾಡುವಾಗ 'ವಿಡಿಯೋ ಟಿಎಸ್' ಫೋಲ್ಡರನ್ನು ಇಡಿಯಾಗಿ ಎಳೆದು ಹಾಕಿ. ಒಳಗಿನ ಫೈಲ್‌ಗಳು 1 ಜಿಬಿ ಮೀರದ ತುಂಡುಗಳಾಗಿರುತ್ತವೆ, ಹೆಸರು ಬದಲಿಸಬೇಡಿ. ಎಂಪಿ4 ಮಾಡಿ ವಾಟ್ಸಾಪ್‌ಗೆ ಕಳಿಸುವುದು ಆಮೇಲಿನ ಮಾತು. ಮೊದಲು ಇದ್ದದ್ದು ಇದ್ದ ಹಾಗೆ ಬರಲಿ. ನಡುವೆ 'ಸೈಕ್ಲಿಕ್ ರಿಡಂಡೆನ್ಸಿ' ಎಂದೇನೋ ದೂರಿ ನಿಂತರೆ ಅಲ್ಲಿ ಓದಲಾಗದ ಜಾಗ ಇದೆ ಎಂದರ್ಥ. ಅದಕ್ಕೆ ಲಿನಕ್ಸ್‌ನಲ್ಲಿ (ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆ) 'ಡಿಡಿರೆಸ್ಕ್ಯೂ' ಎಂಬ ಉಚಿತ ಸಾಧನವಿದೆ. ಅದು ಓದಲು ಬಂದಷ್ಟನ್ನು ಮೊದಲು ಎತ್ತಿಕೊಂಡು, ಬಾರದ ಜಾಗದ ಪಟ್ಟಿ ಬರೆದಿಟ್ಟುಕೊಳ್ಳುತ್ತದೆ. ಅದೇ ಡಿಸ್ಕನ್ನು ಇನ್ನೊಂದು ಡ್ರೈವ್‌ಗೆ ಹಾಕಿದರೆ ಬಿಟ್ಟ ಜಾಗಗಳನ್ನು ಮಾತ್ರ ಮತ್ತೆ ಪ್ರಯತ್ನಿಸುತ್ತದೆ. ಒಂದು ಡ್ರೈವ್‌ಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದುಂಟು. ವಿಂಡೋಸ್ ಹಾಕಿಕೊಟ್ಟ ಮೊಮ್ಮಗನಿಗೆ ಈ ಕೆಲಸ ವಹಿಸಿ, ಲೆಕ್ಕ ಸರಿಹೋಗುತ್ತದೆ.

ಒಂದು ಪದರದವಾದರೆ ಮೂರು ಡಿವಿಡಿ ಸೇರಿ ಹೆಚ್ಚೆಂದರೆ 14 ಜಿಬಿ ಚಿಲ್ಲರೆ. ಎರಡು ಪದರದ ಡಿಸ್ಕ್ ಆದರೆ ಒಂದೊಂದೇ 8.5. ಎರಡು ಕಡೆ ಇಡಿ, ಒಂದು ನಿಮ್ಮ ಹತ್ತಿರ, ಒಂದು ಮಗಳ ಹತ್ತಿರ. ಮೂಲ ಡಿಸ್ಕ್‌ಗಳನ್ನು ಎಸೆಯಬೇಡಿ, ನಿಲ್ಲಿಸಿ ಇಡಿ. ರೇಷ್ಮೆ ಸೀರೆಯ ನಡುವೆ ನುಸಿಗುಳಿಗೆ ಪಕ್ಕ ಮಾತ್ರ ಬೇಡ.

ವಿಸಿಡಿಯನ್ನು ಎಲ್ಲಕ್ಕಿಂತ ಮೊದಲು ಕಾಪಿ ಮಾಡಿ. ವಯಸ್ಸಿನಲ್ಲೂ ಅದೇ ಹಿರಿಯದು. ಅದು ಸಿಡಿಯಾದ್ದರಿಂದ ನಿಮ್ಮ ಈಗಿನ ಡ್ರೈವ್ ಓದಬಹುದು, ಹೊಸದು ಬರುವ ತನಕ ಕಾಯಬೇಕಿಲ್ಲ. 'ಎಂಪೆಗ್ ಎವಿ' ಎಂಬ ಫೋಲ್ಡರಿನಲ್ಲಿ ಡಿಎಟಿ ಎಂದು ಕೊನೆಯಾಗುವ ಫೈಲ್ ಇರುತ್ತದೆ, ವಿಎಲ್‌ಸಿಯಲ್ಲಿ ಓಡುತ್ತದೆ. ಜಾಗ ಉಳಿಸಲು ವಿಸಿಡಿಯಲ್ಲಿ ತಪ್ಪು ತಿದ್ದುವ ಮಾಹಿತಿಯನ್ನು ಕಡಿಮೆ ಇಟ್ಟಿರುತ್ತಾರೆ. ಹಾಗಾಗಿ ಸಣ್ಣ ಗೀರಿಗೂ ಕಾಪಿ ನಿಂತುಬಿಡಬಹುದು. ನಿಂತರೆ ಮತ್ತೆ ಮತ್ತೆ ತಿರುಗಿಸಬೇಡಿ. ಡಿಸ್ಕ್ ತೆಗೆದು ಹತ್ತಿಬಟ್ಟೆಯಲ್ಲಿ ಒರೆಸಿ, ಲ್ಯಾಪ್‌ಟಾಪ್ ಸ್ವಲ್ಪ ತಣ್ಣಗಾಗಲಿ, ಆಮೇಲೆ ಇನ್ನೊಂದು ಸಲ ಹಾಕಿ. ಚಿತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ (ಪಿಕ್ಸೆಲ್) ಅಷ್ಟೇ, ಟಿವಿಯಲ್ಲಿ ಮಸುಕಾಗಿ ಕಾಣುತ್ತದೆ. ಅದು ಡ್ರೈವ್‌ನ ತಪ್ಪಲ್ಲ, ವಿಸಿಡಿ ಇದ್ದದ್ದೇ ಹಾಗೆ.